ಆಫ್‌ರೋಡ್ ಗಾಡಿಗೆ ಸಿ.ಬಿ. ಆಂಟೆನಾ: ಎಲ್ಲಿ ಕೂರಿಸಬೇಕು, ಯಾಕೆ?

ಆಂಟೆನಾ ಎಲ್ಲಿ ಕೂರಿಸುವುದು ಅನ್ನುವ ಯೋಚನೆ ಸಾಮಾನ್ಯವಾಗಿ ಬರುವುದು ಎಲ್ಲ ಕೊಂಡು ಮುಗಿದ ಮೇಲೆ. ಸಿ.ಬಿ. ರೇಡಿಯೊ (ಗಾಡಿಯಿಂದ ಗಾಡಿಗೆ ಮಾತಾಡುವ ಸಿಟಿಜನ್ಸ್ ಬ್ಯಾಂಡ್ ಸೆಟ್) ಬಂತು, ನಾಲ್ಕು ಅಡಿಯ ಆಂಟೆನಾ ಬಂತು, ಹಿಂದಿನ ಬಂಪರ್‌ನಲ್ಲಿ ಹೇಗೂ ಒಂದು ತೂತಿದೆ, ಅಲ್ಲೇ ಬಿಗಿದರಾಯಿತು. ಆಮೇಲೆ ಮುಂದಿನ ಗಾಡಿ ಒಂದು ತಿರುವು ದಾಟಿದೊಡನೆ ಬರೀ ಸೊರಸೊರ ಸದ್ದು, ಬೈಗುಳವೆಲ್ಲ ರೇಡಿಯೊಗೆ. ಆದರೆ 40 ಚಾನೆಲ್‌ನ ಸಾಮಾನ್ಯ ಸೆಟ್, ಅಗ್ಗದ್ದಿರಲಿ ದುಬಾರಿಯದಿರಲಿ, ಎಎಂನಲ್ಲಿ ಹೊರಹಾಕುವುದು 4 ವಾಟ್ ಮಾತ್ರ. ಆ ನಾಲ್ಕು ವಾಟ್ ಗಾಳಿಗೆ ಹೋಗುತ್ತದೋ, ಸ್ಟೆಪ್ನಿಯ ಬದಿಯಲ್ಲೇ ಮುಗಿದುಹೋಗುತ್ತದೋ ಅನ್ನುವುದನ್ನು ತೀರ್ಮಾನಿಸುವುದು ಆಂಟೆನಾದ ಜಾಗ.

ಗಾಡಿಯೇ ಅರ್ಧ ಆಂಟೆನಾ

ಸಿ.ಬಿ. ಕೆಲಸ ಮಾಡುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. 1ನೇ ಚಾನೆಲ್ 26.965, 40ನೇ ಚಾನೆಲ್ 27.405. ಈ ತರಂಗದ ಉದ್ದ ಸುಮಾರು 11 ಮೀಟರ್. ಸರಿಯಾಗಿ ಕೆಲಸ ಮಾಡುವ ಅತಿ ಸರಳ ಕಡ್ಡಿ ಅದರ ಕಾಲುಭಾಗ, ಅಂದರೆ ಸುಮಾರು 2.7 ಮೀಟರ್. 102 ಇಂಚಿನ ಉಕ್ಕಿನ ವಿಪ್‌ಗೆ (ಬಳುಕುವ ಉದ್ದ ಕಡ್ಡಿಗೆ) ಅಡಿಯಲ್ಲಿ ಒಂದು ಸ್ಪ್ರಿಂಗ್ ಸೇರಿಸಿದರೆ ಬರುವ ಲೆಕ್ಕವೂ ಅಷ್ಟೇ. ಎರಡು, ಮೂರು, ನಾಲ್ಕು ಅಡಿಯ ಆಂಟೆನಾಗಳೆಲ್ಲ ಈ ಉದ್ದವನ್ನು ತಂತಿಯ ಸುರುಳಿಯೊಳಗೆ ಅಡಗಿಸಿಟ್ಟುಕೊಂಡವು.

ಕಾಲುಭಾಗದ ಕಡ್ಡಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕಡ್ಡಿಯಲ್ಲಿ ಮೇಲೆ ಹರಿಯುವ ವಿದ್ಯುತ್ತಿಗೆ ಎದುರಾಗಿ ಅಷ್ಟೇ ವಿದ್ಯುತ್ತು ಇನ್ನೊಂದು ಲೋಹದಲ್ಲಿ ಹರಿಯಬೇಕು. ಆ ಇನ್ನೊಂದು ಲೋಹವೇ ಗಾಡಿಯ ಮೈ. ಇದನ್ನು ಗ್ರೌಂಡ್ ಪ್ಲೇನ್ ಅನ್ನುತ್ತಾರೆ. ಆಂಟೆನಾ ಹಿಡಿದಿರುವ ಬ್ರಾಕೆಟ್ ಮೈಗೆ ಸರಿಯಾಗಿ ತಾಗದಿದ್ದರೆ ಅರ್ಧ ಆಂಟೆನಾ ಕಟ್ಟಿದಂತಾಯಿತು.

ಸಿಗ್ನಲ್ ಯಾವ ಕಡೆ ಬಲವಾಗಿ ಹೋಗುತ್ತದೆ ಅನ್ನುವುದನ್ನೂ ಈ ಲೋಹವೇ ಹೇಳುತ್ತದೆ. ಆಂಟೆನಾದಿಂದ ನೋಡಿದಾಗ ಯಾವ ದಿಕ್ಕಿನಲ್ಲಿ ತಗಡು ಹೆಚ್ಚು ಹರಡಿದೆಯೋ ಆ ದಿಕ್ಕಿಗೆ ಒಲವು ಹೆಚ್ಚು. ಹಿಂದಿನ ಎಡಮೂಲೆಯಲ್ಲಿ ಕಟ್ಟಿದ ಆಂಟೆನಾ ಮುಂದಿನ ಬಲಮೂಲೆಯ ಕಡೆಗೆ ಚೆನ್ನಾಗಿ ಹೊಡೆಯುತ್ತದೆ, ಹಿಂದಿನ ಎಡಕ್ಕೆ ಸ್ವಲ್ಪ ಸೋಲುತ್ತದೆ. ಛಾವಣಿಯ ನಟ್ಟನಡುವೆ ಇದ್ದರೆ ಎಲ್ಲ ಕಡೆಗೂ ಹೆಚ್ಚುಕಡಿಮೆ ಸಮ. ಸಾಲಾಗಿ ಹೋಗುವ ಗಾಡಿಗಳಲ್ಲಿ ಇದಕ್ಕೊಂದು ಬಳಕೆಯೂ ಇದೆ: ಯಾವಾಗಲೂ ಕೊನೆಯಲ್ಲಿ ಬರುವ ಗಾಡಿಗೆ ಹಿಂಬದಿಯ ಆಂಟೆನಾ ಅನುಕೂಲ, ಅದರ ಒಲವು ಮುಂದಕ್ಕೆ. ದಾರಿ ತೋರಿಸುವ ಮೊದಲ ಗಾಡಿಗೆ ಬಾನೆಟ್ ಬದಿಯದು ಅನುಕೂಲ. ಐವತ್ತು ಮೀಟರ್ ಅಂತರದಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಗುಡ್ಡ ಬಂದಾಗ ಗೊತ್ತಾಗುತ್ತದೆ.

ಸುರುಳಿ ಎಲ್ಲಿದೆ ನೋಡಿ

ಜಾಗ ಆರಿಸುವ ಮೊದಲು ಕೈಯಲ್ಲಿರುವ ಆಂಟೆನಾದಲ್ಲಿ ಸುರುಳಿ ಎಲ್ಲಿದೆ ಅನ್ನುವುದನ್ನು ನೋಡಿಕೊಳ್ಳಬೇಕು. ಬುಡದಲ್ಲಿ ದಪ್ಪ ಡಬ್ಬಿಯಂಥದ್ದಿದ್ದರೆ ಅದು ಬೇಸ್ ಲೋಡ್. ಫೈಬರ್ ಕಡ್ಡಿಯ ಸುತ್ತ ತಂತಿ ಸುತ್ತಿ ಮೇಲ್ತುದಿಯಲ್ಲಿ ಒತ್ತಾಗಿದ್ದರೆ ಟಾಪ್ ಲೋಡ್. ಕಡ್ಡಿಯ ನಡುವೆ ಸುರುಳಿ ಇರುವವೂ ಉಂಟು.

ಬರೀ ಕಡ್ಡಿಯಲ್ಲಾದರೆ ವಿದ್ಯುತ್ತು ಅತಿ ಹೆಚ್ಚು ಹರಿಯುವುದು ಬುಡದಲ್ಲಿ, ತುದಿಗೆ ಹೋಗುತ್ತ ಇಳಿಯುತ್ತದೆ. ಟಾಪ್ ಲೋಡ್ ಆಂಟೆನಾದಲ್ಲಿ ಸುರುಳಿ ಮೇಲಿರುವುದರಿಂದ ವಿದ್ಯುತ್ತಿನ ಬಲ ಮೇಲಿನವರೆಗೂ ಉಳಿದುಕೊಳ್ಳುತ್ತದೆ. ಆದ್ದರಿಂದ ಬೇಸ್ ಲೋಡ್ ಆಂಟೆನಾಕ್ಕೆ ಬುಡವೇ ಬಯಲಲ್ಲಿರಬೇಕು, ಅಂದರೆ ಛಾವಣಿ ಅಥವಾ ಬಾನೆಟ್ ಮೇಲ್ಮಟ್ಟ. ಅದನ್ನು ಬಂಪರ್ ಮೇಲೆ, ತಗಡಿನ ಗೋಡೆಯ ಪಕ್ಕ ನಿಲ್ಲಿಸುವುದು ಶುದ್ಧ ವ್ಯರ್ಥ. ಟಾಪ್ ಲೋಡ್ ಆದರೆ ಕೆಳಗಿನ ಜಾಗವನ್ನೂ ಒಂದಿಷ್ಟು ಸಹಿಸಿಕೊಳ್ಳುತ್ತದೆ, ಮೇಲಿನ ಭಾಗ ಛಾವಣಿ ದಾಟಿದರೆ ಸಾಕು. ಕಾಡುಮೇಡಿನ ಗಾಡಿಗಳಲ್ಲಿ ಫೈಬರ್ ಟಾಪ್ ಲೋಡ್ ಇಷ್ಟು ಕಾಣಿಸಿಕೊಳ್ಳಲು ಕಾರಣ ಇದೇ. ಎಲ್ಲಿ ಕಟ್ಟಿದರೂ, ಸಾಧ್ಯವಾದರೆ, ಆಂಟೆನಾದ ಅರ್ಧಕ್ಕಿಂತ ಹೆಚ್ಚು ಭಾಗ ಛಾವಣಿಯ ಮಟ್ಟಕ್ಕಿಂತ ಮೇಲಿರಲಿ.

ಗಿಡ್ಡವಾದಷ್ಟೂ ಆಂಟೆನಾ ಮೊಂಡು. ಎರಡಡಿಯ ಆಂಟೆನಾ 20ನೇ ಚಾನೆಲ್‌ಗೆ ಹೊಂದಿಸಿದರೆ 1 ಮತ್ತು 40ರಲ್ಲಿ ಮುನಿಸಿಕೊಳ್ಳುತ್ತದೆ. ಬಳಕೆ ಮತ್ತು ಬಾಳಿಕೆ ಎರಡನ್ನೂ ತೂಗಿದರೆ ಮೂರರಿಂದ ನಾಲ್ಕು ಅಡಿಯದು ಹದ.

ಒಂದೊಂದು ಜಾಗದ ಗುಣದೋಷ

ಛಾವಣಿಯ ನಡುಭಾಗ ವಿದ್ಯುತ್ತಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲು, ಕೊಂಬೆಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ಕೀಳು. ಎರಡು ಮೀಟರ್ ಎತ್ತರದ ಗಾಡಿಯ ಮೇಲೆ 1.2 ಮೀಟರ್ ಕಡ್ಡಿ ಅಂದರೆ ಸಿಕ್ಕ ಪ್ರತಿ ಮರಕ್ಕೂ ಏಟು. ಕಾಯಂ ಆಗಿ ಕೂರಿಸಲು ತಗಡಿನಲ್ಲಿ ತೂತು ಕೊರೆಯಬೇಕು, ಒಳಗಿನ ಛಾವಣಿ ಬಟ್ಟೆ ಇಳಿಸಬೇಕು. ಬದಿಯಲ್ಲಿ ಪರದೆಯಂತೆ ಬಿಚ್ಚುವ ಏರ್‌ಬ್ಯಾಗ್ ಇದ್ದರೆ ಕೇಬಲ್ ಅದರ ಅಡ್ಡ ಹೋಗಕೂಡದು. ಬಯಲು, ಮರಳುಗಾಡಿನಲ್ಲಿ ಓಡಿಸುವವರಿಗೆ ಇದು ಒಳ್ಳೆಯ ಜಾಗ. ಕಾಡಿನಲ್ಲಿ ಓಡಿಸುವವರಿಗೆ ಅಲ್ಲ.

ಮ್ಯಾಗ್ನೆಟ್ ಬುಡದ ಆಂಟೆನಾವನ್ನೂ ಇಲ್ಲೇ ಹೇಳಿಬಿಡಬಹುದು. ಅದು ತಗಡಿಗೆ ನೇರವಾಗಿ ತಾಗದೆ, ಪೇಂಟಿನ ಪದರದ ಮೂಲಕ ಕೆಪಾಸಿಟರ್‌ನಂತೆ ಜೋಡಿಕೊಳ್ಳುತ್ತದೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಮೊದಲ ಕೊಂಬೆಗೆ ಉದುರಿ ಕೇಬಲ್‌ನಲ್ಲಿ ನೇತಾಡುತ್ತ ಬಾಗಿಲನ್ನು ಬಡಿಯುತ್ತದೆ, ಅಷ್ಟೇ. ಅಡಿಯಲ್ಲಿ ಸೇರಿದ ಮರಳು ಪೇಂಟನ್ನು ಉಜ್ಜಿ ತೆಗೆಯುತ್ತದೆ. ಅಲ್ಯುಮಿನಿಯಂ ಮೈಗೆ ಅಂಟುವುದೇ ಇಲ್ಲ. ಅದರ ನಿಜವಾದ ಬೆಲೆ ಇರುವುದು ಅಳತೆಗೋಲಾಗಿ: ಛಾವಣಿಯ ನಡುವೆ ಇಟ್ಟು ದೂರದ ಒಂದು ಸ್ಟೇಷನ್ ಎಷ್ಟು ಕೇಳಿಸುತ್ತದೆಂದು ನೋಡಿ, ಆಮೇಲೆ ನೀವು ಕಟ್ಟಿದ ಆಂಟೆನಾದಲ್ಲಿ ಅದೇ ಸ್ಟೇಷನ್ ಕೇಳಿ. ಎಷ್ಟು ಕಳೆದುಕೊಂಡಿರಿ ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ಬಾನೆಟ್ ಅಂಚು ಅಥವಾ ಮುಂದಿನ ಗಾಜಿನ ಬುಡದ ಮೂಲೆ ಬಹಳ ಗಾಡಿಗಳಿಗೆ ಹೊಂದುತ್ತದೆ. ಬಾನೆಟ್ ಮತ್ತು ಮಡ್‌ಗಾರ್ಡ್ ನಡುವಿನ ಸಂದಿಯಲ್ಲಿ ಕೂರುವ ಬ್ರಾಕೆಟ್ ಸಿಗುತ್ತದೆ, ತೂತು ಬೇಕಿಲ್ಲ, ಕೇಬಲ್ ಕೂಡ ಗಿಡ್ಡ. ಕೊಂಬೆ ಬರುವುದು ಚಾಲಕನ ಕಣ್ಣೆದುರೇ, ನಿಧಾನಿಸಬಹುದು. ತೊಂದರೆ ಎರಡು. ಬಾನೆಟ್ ತಗಡು ಮೈಗೆ ಸೇರಿರುವುದು ಗ್ರೀಸ್ ಹಚ್ಚಿದ ಕೀಲುಗಳಿಂದ, ಅವನ್ನು ನಂಬುವಂತಿಲ್ಲ. ಬ್ರಾಕೆಟ್ ಬಾನೆಟ್‌ಗೇ ಕಚ್ಚಿಕೊಂಡಿದ್ದರೆ ಬಾನೆಟ್‌ನಿಂದ ಮೈಗೆ ಹೆಣೆದ ತಾಮ್ರದ ಪಟ್ಟಿಯೊಂದು ಬೇಕೇ ಬೇಕು. ಎರಡನೆಯದು ಎಂಜಿನ್ ಸದ್ದು. ಇಗ್ನಿಷನ್ ಮತ್ತು ಆಲ್ಟರ್ನೇಟರ್ ಕಿರುಚಾಟ ಇಲ್ಲಿ ಹತ್ತಿರದಿಂದಲೇ ಸಿಗುತ್ತದೆ. ಎಕ್ಸಿಲರೇಟರ್ ಒತ್ತಿದಂತೆ ಏರುವ ಸೀಟಿಯಂಥ ಸದ್ದು ಬಂದರೆ ಅದು ಆಲ್ಟರ್ನೇಟರ್‌ನದು.

ಟೇಲ್ ಲೈಟ್ ಪಕ್ಕದ ಬ್ರಾಕೆಟ್ ಎತ್ತರ, ಗಟ್ಟಿತನ, ಅರ್ಥಿಂಗ್ (ಗಾಡಿಯ ಮೈಲೋಹಕ್ಕೆ ತಾಗುವ ಜೋಡಣೆ) ಮೂರರಲ್ಲೂ ಪಾಸಾಗುತ್ತದೆ. ಮೈಯ ತಗಡಿಗೇ ಬೋಲ್ಟ್ ಆಗುವುದರಿಂದ ಅರ್ಥಿಂಗ್ ಸುಲಭ. ನಾಲ್ಕಡಿ ಟಾಪ್ ಲೋಡ್ ಹಾಕಿದರೆ ಮೇಲಿನ ಭಾಗ ಛಾವಣಿ ದಾಟುತ್ತದೆ, ಕೊಂಬೆ ಮುಂಭಾಗಕ್ಕೆ ಮೊದಲು ತಾಗಿ ಮೇಲೇರಿರುತ್ತದೆ. ಎಲ್ಲಿ ಕಟ್ಟಲಿ ಎಂದು ತೋಚದವರು ಇಲ್ಲಿಂದ ಶುರು ಮಾಡುವುದು ಲೇಸು. ತೆರೆದ ಛಾವಣಿಯ ಗಾಡಿಗೆ ಬಟ್ಟೆ ಮುಚ್ಚಿಗೆ ಇದ್ದರೆ ಕಡ್ಡಿ ಅದನ್ನು ಸವೆಸದಂತೆ ಒಂದು ಗೇಣಾದರೂ ಹೊರಗಿರಲಿ.

ಸ್ಟೆಪ್ನಿ ಬ್ರಾಕೆಟ್ ನೋಡಲು ಚೆಂದ. ಚಕ್ರದ ಹಿಂದೆ ಸೇರುವ ತಗಡು, ಚಕ್ರದ ನಟ್ಟುಗಳಲ್ಲೇ ಬಿಗಿಯಾಗುತ್ತದೆ. ಆದರೆ ಸ್ಟೆಪ್ನಿ ಹೊತ್ತಿರುವುದು ತೆರೆಯುವ ಬಾಗಿಲು. ಅರ್ಥಿಂಗ್ ಮತ್ತೆ ಕೀಲುಗಳ ಪಾಲಾಗುತ್ತದೆ, ಕೇಬಲ್ ಪ್ರತಿ ಸಲ ಬಾಗಿಲ ಜೊತೆ ಬಾಗುತ್ತದೆ. ಆಂಟೆನಾದ ಕೆಳಭಾಗ ಉಕ್ಕಿನ ರಿಮ್ಮಿಗೆ, ಟೈರಿನೊಳಗಿನ ಉಕ್ಕಿನ ತಂತಿಗೆ ಅಂಟಿಕೊಂಡಂತೆ ನಿಲ್ಲುತ್ತದೆ. ಬಾಗಿಲಿಂದ ಮೈಗೆ ಪಟ್ಟಿ ಹಾಕಿ, ಬ್ರಾಕೆಟ್ಟನ್ನು ಟೈರಿನ ಮೇಲಂಚಿನವರೆಗೆ ಎತ್ತಿದರೆ ನಡೆಯುತ್ತದೆ. ಮುಂದೆ ದೊಡ್ಡ ಟೈರು ಹಾಕುವ ಆಲೋಚನೆ ಇದ್ದರೆ ಎತ್ತರ ಅದಕ್ಕೆ ತಕ್ಕಂತಿರಲಿ.

ಬಂಪರ್ ಮೇಲೆ ಪೂರ್ತಿ 102 ಇಂಚಿನ ವಿಪ್ ಹಾಕುವುದು ಹಳೆಯ ಪದ್ಧತಿ. ಕಡ್ಡಿ ಉದ್ದವಾದ್ದರಿಂದ ದಕ್ಷತೆ ಒಳ್ಳೆಯದು. ಆದರೆ ಹೆಚ್ಚು ವಿದ್ಯುತ್ತು ಹರಿಯುವ ಬುಡವೇ ಮೈಯ ಮರೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಒಲವು ಒಂದು ಕಡೆಗೆ ವಾಲುತ್ತದೆ. ಏರುತಗ್ಗಿನಲ್ಲಿ ಆ ಕಡ್ಡಿ ಚಾಟಿಯಂತೆ ಬೀಸುತ್ತದೆ, ಹತ್ತಿರ ನಿಂತವರ ಕಣ್ಣಿನ ಮಟ್ಟದಲ್ಲೇ. ಓಡಿಸುವಾಗ ತುದಿಯನ್ನು ಬಗ್ಗಿಸಿ ಮುಂದಕ್ಕೆ ಕಟ್ಟಿಡಬೇಕು. ಗಿಡ್ಡ ಆಂಟೆನಾವನ್ನು ಬಂಪರ್ ಮೇಲೆ ಹಾಕುವುದಂತೂ ಬೇಡವೇ ಬೇಡ.

ಬಂಪರಿಗೆ ಇನ್ನೊಂದು ಸಂಗತಿ ಅಂಟಿಕೊಂಡಿದೆ, ಅನೇಕರು ಎಡವುವುದು ಇಲ್ಲೇ. ಚಾಸಿಯ ಮೇಲೆ ಮೈ ಕೂರುವ ಗಾಡಿಗಳಲ್ಲಿ ಎರಡರ ನಡುವೆ ರಬ್ಬರ್ ಬುಷ್‌ಗಳಿರುತ್ತವೆ. ಬಂಪರ್ ಬೋಲ್ಟ್ ಆಗಿರುವುದು ಚಾಸಿಗೆ. ಅಂದರೆ ಆಂಟೆನಾಕ್ಕೆ ಸಿಕ್ಕಿದ್ದು ನೆಲದ ಹತ್ತಿರದ ಎರಡು ಉದ್ದ ಪಟ್ಟಿಗಳು, ಅಗಲವಾದ ಮೈ ಅಲ್ಲ. ಚಾಸಿಯಿಂದ ಮೈಗೆ ಒಂದೆರಡು ಕಡೆ ಹೆಣೆದ ಪಟ್ಟಿ ಹಾಕಿದರೆ ಇದು ಸರಿಹೋಗುತ್ತದೆ. ಮುಂದಿನ ಬುಲ್‌ಬಾರ್‌ಗೂ ಇದೇ ಮಾತು. ಅದರ ಪೌಡರ್ ಕೋಟಿಂಗ್ ಒಳ್ಳೆಯ ಇನ್ಸುಲೇಟರ್ ಅನ್ನುವುದನ್ನೂ ನೆನಪಿಡಿ.

ರೋಲ್ ಕೇಜ್ ಅಥವಾ ರೂಫ್ ರ್‍ಯಾಕ್ ಎತ್ತರ ಕೊಡುತ್ತವೆ. ಆದರೆ ಕೊಳವೆಯಷ್ಟೇ ಸಿಕ್ಕರೆ ಗ್ರೌಂಡ್ ಪ್ಲೇನ್ ಸಣಕಲು, ಹಾಗಾಗಿ ಅವು ಮೈಗೆ ಗಟ್ಟಿಯಾಗಿ ತಾಗಿವೆಯೇ ಎಂದು ಅಳೆದು ನೋಡಬೇಕು. ರ್‍ಯಾಕ್‌ಗಳು ಎಷ್ಟೋ ಸಲ ರಬ್ಬರ್ ಪಾದದ ಮೇಲೆ ನಿಂತಿರುತ್ತವೆ. ಪಕ್ಕದಲ್ಲೇ ಎಲ್‌ಇಡಿ ಲೈಟ್ ಪಟ್ಟಿ ಇದ್ದರೆ ಅದರೊಳಗಿನ ಸರ್ಕ್ಯೂಟ್ ಬೇರೆ ಗೊರಗೊರ ಎನ್ನಬಹುದು.

ಮೈ ಪೂರ್ತಿ ಫೈಬರ್ ಆಗಿದ್ದರೆ ಮೇಲಿನ ಯಾವುದೂ ಹೊಂದುವುದಿಲ್ಲ. ಗ್ರೌಂಡ್ ಪ್ಲೇನ್ ಬೇಡದ ಆಂಟೆನಾ ಕಿಟ್ ಬೇರೆಯೇ ಬರುತ್ತದೆ. ಅದರ ಕೇಬಲ್ಲೂ ಆ ಲೆಕ್ಕದ ಭಾಗವಾದ್ದರಿಂದ ಅದನ್ನು ಕತ್ತರಿಸುವುದು, ಬೇರೆ ಕೇಬಲ್ ಹಾಕುವುದು ಕೂಡದು. ಲೋಹದ ಮೈಗೆ ಈ ಕಿಟ್ ಹಾಕಿದರೂ ಟ್ಯೂನ್ ಆಗುವುದಿಲ್ಲ.

ಜೋಡಿ ಆಂಟೆನಾ? ಎರಡರ ನಡುವೆ ಕಾಲು ತರಂಗ, ಅಂದರೆ 2.7 ಮೀಟರ್ ಅಂತರ ಇರಬೇಕು ಅನ್ನುವುದು ಲೆಕ್ಕ. ಜೀಪಿನಂಥ ಗಾಡಿಯ ಅಗಲ ಅಷ್ಟಿರುವುದಿಲ್ಲ. ಶೋಕಿಗೆ ಸರಿ, ಕೆಲಸಕ್ಕೆ ಒಂದೇ ಸಾಕು.

ಕೊರೆಯುವ ಮೊದಲು

ಬ್ರಾಕೆಟ್ಟನ್ನು ಸಿ-ಕ್ಲಾಂಪಿನಿಂದ ತಾತ್ಕಾಲಿಕವಾಗಿ ಹಿಡಿಸಿ ಆಂಟೆನಾ ನಿಲ್ಲಿಸಿ. ಎಲ್ಲ ಬಾಗಿಲು, ಬಾನೆಟ್, ಹಿಂಬಾಗಿಲು ತೆರೆದು ಮುಚ್ಚಿ. ಸ್ಟೆಪ್ನಿ ಇಳಿಸಿ ನೋಡಿ, ಜ್ಯಾಕ್ ಮತ್ತು ಡೀಸೆಲ್ ಕ್ಯಾನ್ ತೆಗೆದು ನೋಡಿ, ಮೇಲೆ ಟೆಂಟ್ ಇದ್ದರೆ ಬಿಚ್ಚಿ ನೋಡಿ. ಕಡ್ಡಿಯನ್ನು ಕೈಯಿಂದ ಹಿಂದಕ್ಕೆ ಪೂರ್ತಿ ಬಗ್ಗಿಸಿ, ಅದು ಗಾಜಿಗೆ ಬಡಿಯುತ್ತದೆಯೇ ಗಮನಿಸಿ. ತಗಡನ್ನೂ ಒಮ್ಮೆ ಒತ್ತಿ ನೋಡಿ. ಮಡ್‌ಗಾರ್ಡ್‌ನ ತೆಳು ತಗಡು ಬೆರಳಿಗೇ ಬಳುಕಿದರೆ ಒಳಬದಿಯಲ್ಲಿ 3 ಮಿ.ಮೀ. ಉಕ್ಕಿನ ಪಟ್ಟಿ ಕೊಡದೆ ಬಿಗಿಯಬೇಡಿ. ಇಲ್ಲದಿದ್ದರೆ ಬೋಲ್ಟ್ ಸುತ್ತ ತಗಡು ಬಿರಿಯುತ್ತದೆ.

ಈ ಸ್ಥಿತಿಯಲ್ಲೇ ಎಸ್‌ಡಬ್ಲ್ಯೂಆರ್ ಮೀಟರ್ (ಅದರ ವಿವರ ಕೊನೆಯಲ್ಲಿದೆ) ಹಾಕಿ ಒಮ್ಮೆ ಅಳೆಯಬಹುದು, ಬ್ರಾಕೆಟ್‌ನಿಂದ ಬರಿ ಲೋಹಕ್ಕೆ ಗಿಡ್ಡ ಪಟ್ಟಿ ಕೊಟ್ಟು. ಜಾಗವೇ ಕೆಟ್ಟದ್ದಾದರೆ ತೂತು ಬೀಳುವ ಮೊದಲೇ ತಿಳಿಯುತ್ತದೆ.

ಅರ್ಥಿಂಗ್ ಮತ್ತು ಸ್ಟಡ್

ಸಾಮಾನ್ಯ ಬ್ರಾಕೆಟ್‌ನಲ್ಲಿ ಅರ್ಧ ಇಂಚಿನ ತೂತು, ಅದರಲ್ಲಿ 3/8 ಇಂಚು ದಪ್ಪದ, ಇಂಚಿಗೆ 24 ಎಳೆಯ ಸ್ಟಡ್ (ಆಂಟೆನಾ ತಿರುಗಿಸಿ ಕೂರಿಸುವ ತಿರುಪು), ಕೆಳಗೆ ಕೇಬಲ್ ತುದಿಯ ಪಿಎಲ್-259 ಕನೆಕ್ಟರ್ ಕೂರುವ ಎಸ್‌ಒ-239 ಸಾಕೆಟ್. ಸಾಕೆಟ್ಟಿನ ಹೊರಮೈ ಬ್ರಾಕೆಟ್ಟನ್ನು ಮುಟ್ಟಲೇಬೇಕು. ಆಂಟೆನಾ ಕೂರುವ ಮೇಲಿನ ನಟ್ಟು ಬ್ರಾಕೆಟ್ಟನ್ನು ಮುಟ್ಟಲೇಬಾರದು. ಎರಡರ ನಡುವಿನ ಕಾವಲುಗಾರ ಹೆಗಲಿರುವ ನೈಲಾನ್ ವಾಷರ್. ಅದರ ಹೆಗಲು ತೂತಿನೊಳಗೆ ಇಳಿದಿರಬೇಕು. ಉಲ್ಟಾ ಹಾಕಿದರೆ, ಅತಿಯಾಗಿ ಬಿಗಿದು ಒಡೆದರೆ, ನೇರ ಶಾರ್ಟ್.

ಬೋಲ್ಟ್ ಕೂರುವ ಕಡೆ ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಸುತ್ತ ಗ್ರೀಸ್ ಅಥವಾ ಪೇಂಟ್ ಹಚ್ಚಿ ಮುಚ್ಚಿ. ಬಿಗಿದ ನಂತರವೇ ಹಚ್ಚಬೇಕು. ಅಲ್ಯುಮಿನಿಯಂಗೆ ಸ್ಟೀಲ್ ಬೋಲ್ಟ್ ಹಾಕಿದರೆ ನೀರು ಸೇರಿ ಅಲ್ಯುಮಿನಿಯಂ ತಿನ್ನಲ್ಪಡುತ್ತದೆ, ಅಲ್ಲಿ ಈ ಮುಚ್ಚಿಗೆ ಇನ್ನೂ ಮುಖ್ಯ.

ಪಟ್ಟಿ ಹಾಕುವಾಗ ಅಗಲವಾದ, ಗಿಡ್ಡವಾದ, ಹೆಣೆದ ತಾಮ್ರವನ್ನೇ ಹಾಕಿ. ಒಂದು ಗೇಣಿಗಿಂತ ಹೆಚ್ಚು ಬೇಡ. ಮಲ್ಟಿಮೀಟರ್‌ನಲ್ಲಿ ಸೊನ್ನೆ ತೋರಿಸುವ ಒಂದು ಮೀಟರ್ ತೆಳು ವೈರು 27 ಮೆಗಾಹರ್ಟ್ಸ್‌ನಲ್ಲಿ 200 ಓಮ್ ಆಸುಪಾಸಿನ ತಡೆ ಒಡ್ಡುತ್ತದೆ. ಹಾಗಾಗಿ ಬ್ರಾಕೆಟ್‌ನಿಂದ ಬ್ಯಾಟರಿಗೆ ಉದ್ದ ವೈರು ಎಳೆದು ಅರ್ಥಿಂಗ್ ಆಯಿತು ಅಂದುಕೊಂಡರೆ ಅದು ಮೀಟರಿಗಷ್ಟೇ ಆದ ಅರ್ಥಿಂಗ್.

ಆಂಟೆನಾ ಬಿಚ್ಚಿಟ್ಟು ಮಲ್ಟಿಮೀಟರ್‌ನಿಂದ ಮೂರು ಪರೀಕ್ಷೆ ಮಾಡಿ. ಬ್ರಾಕೆಟ್‌ನಿಂದ ಮೈಯ ಬರಿ ಲೋಹಕ್ಕೆ ಸೊನ್ನೆ ಓಮ್ ಹತ್ತಿರ ಇರಬೇಕು. ಕೇಬಲ್ಲಿನ ರೇಡಿಯೊ ತುದಿಯ ನಡುಪಿನ್‌ನಿಂದ ಸ್ಟಡ್‌ಗೂ ಸೊನ್ನೆ. ನಡುಪಿನ್‌ನಿಂದ ಕನೆಕ್ಟರ್ ಹೊರಮೈಗೆ ಏನೂ ತೋರಿಸಬಾರದು. ಕೆಲವು ಬೇಸ್ ಲೋಡ್ ಆಂಟೆನಾಗಳು ಒಳಗೇ ಸುರುಳಿಯ ಮೂಲಕ ಅರ್ಥ್ ಆಗಿರುತ್ತವೆ, ಅದಕ್ಕೇ ಈ ಪರೀಕ್ಷೆಗೆ ಆಂಟೆನಾ ಬಿಚ್ಚಬೇಕು.

ಸ್ಪ್ರಿಂಗ್, ಕೇಬಲ್

ಮರಗಳ ನಡುವೆ ಓಡಿಸುವ ಗಾಡಿಗೆ ಸ್ಪ್ರಿಂಗ್ ಬೇಕು. ಫೈಬರ್ ಕಡ್ಡಿ ಒಡೆಯುವುದು ಸಾಮಾನ್ಯವಾಗಿ ಲೋಹದ ಬುಡದಿಂದ ಹೊರಬರುವಲ್ಲಿ, ಆ ಏಟನ್ನು ಸ್ಪ್ರಿಂಗ್ ತಿನ್ನುತ್ತದೆ. ತೀರ ಮೆತ್ತನೆಯದಾದರೆ ವೇಗದಲ್ಲಿ ಆಂಟೆನಾ ಹಿಂದಕ್ಕೆ ಮಲಗಿ ಸಿಗ್ನಲ್ ಏರಿಳಿಯುತ್ತದೆ. ಸ್ಪ್ರಿಂಗೂ ಆಂಟೆನಾದ ಉದ್ದಕ್ಕೆ ಸೇರುವುದರಿಂದ ಟ್ಯೂನ್ ಮಾಡಿದ ಮೇಲೆ ಅದನ್ನು ಸೇರಿಸುವುದು, ತೆಗೆಯುವುದು ಎರಡೂ ತಪ್ಪು.

ಕೇಬಲ್ 50 ಓಮ್‌ನದಿರಲಿ: ಆರ್‌ಜಿ-58 ಅಥವಾ ಆರ್‌ಜಿ-8ಎಕ್ಸ್. ಟಿವಿ ಕೇಬಲ್ 75 ಓಮ್, ಒಂಟಿ ಆಂಟೆನಾಕ್ಕೆ ಬೇಡ. 18 ಅಡಿಯೇ ಇರಬೇಕು ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅರ್ಥಿಂಗ್ ಚೆನ್ನಾಗಿದ್ದರೆ ಉದ್ದ ಅಷ್ಟೊಂದು ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಕೇಬಲ್ಲನ್ನು ಬಿಗಿಯಾಗಿ ಸುತ್ತಿಡದೆ ಒಂದಡಿಯ ಸಡಿಲ ಮಡಿಕೆಗಳಾಗಿ ಸೀಟಿನಡಿ ಇಡಿ. ತೂತು ದಾಟುವಲ್ಲಿ ರಬ್ಬರ್ ಗ್ರೊಮೆಟ್, ಒಳಗೆ ಹೋಗುವ ಮೊದಲು ನೀರು ತೊಟ್ಟಿಕ್ಕಲು ಕೆಳಮುಖ ಬಾಗು, ಸೈಲೆನ್ಸರ್‌ನಿಂದ ದೂರ. ಬಾಗಿಲ ಅಂಚಿನಲ್ಲಿ ಒತ್ತಿಸಿ ತಂದ ಕೇಬಲ್ ಕೆಲವು ತಿಂಗಳು ಸುಮ್ಮನಿದ್ದು ಒಳಗೇ ಚಪ್ಪಟೆಯಾಗುತ್ತದೆ. ಹೊರಗಿನ ಕನೆಕ್ಟರ್‌ಗೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಮಳೆಯಲ್ಲಿ ಮಾತ್ರ ರೀಡಿಂಗ್ ಕೆಡುತ್ತದೆಂದರೆ ನೀರು ಒಳಹೊಕ್ಕಿದೆ ಎಂದೇ ಅರ್ಥ. ಕತ್ತರಿಸಿದರೆ ಒಳಗಿನ ತಾಮ್ರ ಕಪ್ಪಾಗಿರುತ್ತದೆ, ಕೇಬಲ್ ಬದಲಿಸಿಯೇ ತೀರಬೇಕು.

ಮೀಟರ್ ಏನು ಹೇಳುತ್ತದೆ

ಎಸ್‌ಡಬ್ಲ್ಯೂಆರ್ ಅಂದರೆ ಕಳಿಸಿದ ಶಕ್ತಿಯಲ್ಲಿ ಎಷ್ಟು ಮರಳಿ ಬರುತ್ತಿದೆ ಅನ್ನುವುದರ ಅಳತೆ. 1.5 ಇದ್ದರೆ ಮರಳುವುದು ಶೇ. 4, 2 ಇದ್ದರೆ ಶೇ. 11, 3 ಇದ್ದರೆ ಶೇ. 25. ಎರಡರ ಒಳಗಿದ್ದರೆ ಬಳಸಬಹುದು, ಒಂದೂವರೆಯ ಒಳಗೆ ಚೆನ್ನ. ಮೂರು ದಾಟಿದರೆ ಮಾತಾಡುವುದನ್ನು ನಿಲ್ಲಿಸಿ, ರೇಡಿಯೊದ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು. ಆಂಟೆನಾ ಇಲ್ಲದೆ ಮೈಕ್ ಒತ್ತುವುದೂ ಅದೇ ಅಪಾಯ.

ಗಾಡಿಯನ್ನು ಕಟ್ಟಡ, ಮರ, ಬೇರೆ ಗಾಡಿಗಳಿಂದ ದೂರ ಬಯಲಲ್ಲಿ ನಿಲ್ಲಿಸಿ, ಬಾಗಿಲುಗಳೆಲ್ಲ ಮುಚ್ಚಿರಲಿ. ಮೀಟರ್ ರೇಡಿಯೊ ಮತ್ತು ಕೇಬಲ್ ನಡುವೆ. 1ನೇ ಚಾನೆಲ್‌ನಲ್ಲಿ ಸ್ವಿಚ್ಚನ್ನು ಕ್ಯಾಲಿಬ್ರೇಷನ್‌ಗೆ ಇಟ್ಟು ಮೈಕ್ ಒತ್ತಿ, ಮುಳ್ಳನ್ನು ಗುರುತಿಗೆ ತಂದು, ಸ್ವಿಚ್ ಬದಲಿಸಿ ಓದಿ. ಒತ್ತಿದ ಬೆರಳು ಕೆಲವೇ ಸೆಕೆಂಡು. 20 ಮತ್ತು 40ರಲ್ಲಿ ಇದನ್ನೇ ಮಾಡಿ, ಪ್ರತಿ ಸಲವೂ ಕ್ಯಾಲಿಬ್ರೇಷನ್ ಹೊಸದಾಗಿ. ಆಗ ಆಂಟೆನಾ ಹತ್ತಿರ ಯಾರೂ ನಿಲ್ಲಕೂಡದು, ತುದಿ ಮುಟ್ಟಿದರೆ ಚರ್ಮ ಸುಡುತ್ತದೆ.

1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಬಂದರೆ ಆಂಟೆನಾ ಗಿಡ್ಡ, ಉದ್ದ ಮಾಡಬೇಕು. 40ರಲ್ಲಿ ಹೆಚ್ಚು ಬಂದರೆ ಉದ್ದವಾಗಿದೆ. ತಿರುಪು ತುದಿ ಇದ್ದರೆ ಸುಲಭ. ಉಕ್ಕಿನ ಕಡ್ಡಿ ಕತ್ತರಿಸುವುದಾದರೆ ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಬೇಡ, ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ನಡುವೆ ಕಡಿಮೆ, ಎರಡೂ ಕೊನೆಯಲ್ಲಿ ಸಮನಾಗಿ ಸ್ವಲ್ಪ ಹೆಚ್ಚು ಬಂದರೆ ಟ್ಯೂನಿಂಗ್ ಮುಗಿಯಿತು.

ಎಲ್ಲ ಚಾನೆಲ್‌ನಲ್ಲೂ ಮೂರರ ಮೇಲೆ ನಿಂತರೆ ಉದ್ದದ ತಂಟೆಗೆ ಹೋಗಬೇಡಿ. ಅರ್ಥಿಂಗ್ ಇಲ್ಲ, ಸ್ಟಡ್ ಶಾರ್ಟ್, ಅಥವಾ ಕೇಬಲ್ ಸತ್ತಿದೆ, ಮೂರರಲ್ಲೊಂದು. ಎರಡರ ಸುತ್ತಮುತ್ತಲೇ ಗಟ್ಟಿಯಾಗಿ ಕೂತು ಉದ್ದ ಬದಲಿಸಿದರೂ ಜಗ್ಗದಿದ್ದರೆ ತಪ್ಪು ಜಾಗದ್ದು: ಪಕ್ಕದ ಲೋಹ ಹತ್ತಿರವಾಗಿದೆ, ಅಥವಾ ಕೆಳಗೆ ತಗಡು ಸಾಲದು. ಬ್ರಾಕೆಟ್ಟನ್ನು ಒಂದು ಗೇಣು ಎತ್ತಿ ಅಥವಾ ಹೊರಕ್ಕೆ ಸರಿಸಿ ಅಳೆದರೆ ಉತ್ತರ ಸಿಗುತ್ತದೆ. ಕೇಬಲ್ಲನ್ನು ಕೈಯಲ್ಲಿ ಹಿಡಿದಾಗ ಮುಳ್ಳು ಅಲುಗಿದರೆ, ಮೈ ಮಾಡಬೇಕಾದ ಕೆಲಸವನ್ನು ಕೇಬಲ್ಲಿನ ಹೊರಜಾಲರಿ ಮಾಡುತ್ತಿದೆ. ಮತ್ತೆ ಅರ್ಥಿಂಗ್‌ಗೆ ಹೋಗಿ.

ಕಡಿಮೆ ರೀಡಿಂಗ್ ಕಂಡು ಬೀಗುವವರಿಗೊಂದು ಮಾತು: 50 ಓಮ್‌ನ ರೆಸಿಸ್ಟರ್ ಒಂದನ್ನು ಕೇಬಲ್ ಕೊನೆಗೆ ಬೆಸೆದರೂ ಮೀಟರ್ 1.0 ತೋರಿಸುತ್ತದೆ, ಒಂದು ಮಾತೂ ಆಚೆ ಹೋಗುವುದಿಲ್ಲ. ನೆನೆದ ಹಳೆ ಕೇಬಲ್ ಕೂಡ ಹೀಗೆ ಮೀಟರನ್ನು ಮರುಳು ಮಾಡಬಲ್ಲದು. ಆದ್ದರಿಂದ ಮೀಟರ್ ಓದಿದ ಮೇಲೆ ಇನ್ನೊಂದು ಗಾಡಿಯನ್ನು ಒಂದೆರಡು ಕಿಲೋಮೀಟರ್ ಆಚೆ ನಿಲ್ಲಿಸಿ, ನಿಮ್ಮ ಗಾಡಿಯನ್ನು ನಿಧಾನಕ್ಕೆ ವೃತ್ತಾಕಾರದಲ್ಲಿ ತಿರುಗಿಸುತ್ತ ಮಾತಾಡಿ. ಯಾವ ಮೂಲೆ ಎದುರಾದಾಗ ದನಿ ತಗ್ಗುತ್ತದೆಂದು ಆ ಕಡೆಯವರು ಹೇಳಲಿ. ಮೊದಲ ಒರಟು ದಾರಿಯ ಓಟ ಮುಗಿಸಿ ಬಂದ ದಿನ ಎಲ್ಲ ನಟ್ಟುಗಳಿಗೂ ಸ್ಪ್ಯಾನರ್ ಹಾಕಿ, ಒಬ್ಬರು ಬ್ರಾಕೆಟ್ ಅಲುಗಿಸುವಾಗ ಇನ್ನೊಬ್ಬರು ಮುಳ್ಳು ನೋಡುತ್ತ, ಮೂರೂ ಚಾನೆಲ್ ಮತ್ತೊಮ್ಮೆ ಅಳೆಯಿರಿ.